ಅಮ್ಮನ ಪಾಸ್‌ಬುಕ್‌ನಲ್ಲಿ ಪದೇ ಪದೇ 27.14 ರೂಪಾಯಿ ಕಟ್, ಇದು ಯಾವ ಲೆಕ್ಕ?

ಶಿರಾ ಸೀಮೆ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ವ್ಯವಹಾರ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ನಮ್ಮಮ್ಮ ಊರಲ್ಲೇ ಇರುವುದು, ಶಿರಾ ತಾಲ್ಲೂಕು. ನಾನು ಕೆಲಸಕ್ಕೆ ಬೆಂಗಳೂರಿನಲ್ಲಿದ್ದೇನೆ. ಅಮ್ಮನ ಖಾತೆಗೆ ಬರುವುದು ಎರಡೇ ದುಡ್ಡು. ಒಂದು ಗೃಹಲಕ್ಷ್ಮಿಯ 2000 ರೂಪಾಯಿ, ಇನ್ನೊಂದು ಡೈರಿಯ ಹಾಲಿನ ಬಟವಾಡೆ. ಮೊನ್ನೆ ಊರಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ನೋಡಿದರೆ ಮಧ್ಯೆ ಮಧ್ಯೆ 27.14, 27.14 ಅಂತ ಕಟ್ ಆಗಿದೆ. ಬೇರೆ ಕೆಲವು ಸಣ್ಣ ಮೊತ್ತಗಳೂ ಇವೆ. ಪಕ್ಕದಲ್ಲಿ ಇಂಗ್ಲಿಷ್‌ನಲ್ಲಿ ಏನೋ ಅರ್ಧಂಬರ್ಧ ಅಕ್ಷರ, ಎಟಿಎಂ ಅನ್ನುವುದು ಬಿಟ್ಟರೆ ಏನೂ ಅರ್ಥ ಆಗುವುದಿಲ್ಲ. ಅಮ್ಮನಿಗೆ ದುಡ್ಡು ಕಟ್ ಆಗುತ್ತಿರುವುದೇ ಗೊತ್ತಿಲ್ಲ. "ಮಿಷಿನ್ ಬ್ಯಾಂಕಿನದ್ದೇ ಅಲ್ವಾ, ಅದಕ್ಯಾಕೆ ದುಡ್ಡು" ಅಂತ ನನ್ನನ್ನೇ ಕೇಳಿದರು.

ಮೊದಲು ನಮ್ಮ ಹೋಬಳಿಯಲ್ಲಿ ನಮ್ಮ ಬ್ಯಾಂಕಿನದ್ದೇ ಒಂದು ಮಿಷಿನ್ ಇತ್ತು. ಅದಕ್ಕೆ ಶಟರ್ ಎಳೆದು ತುಂಬಾ ಕಾಲ ಆಯಿತು. ಈಗ ಇರುವುದು ಬಸ್ ಸ್ಟ್ಯಾಂಡ್ ಹತ್ತಿರದ ಬೇರೆ ಬ್ಯಾಂಕಿನ ಮಿಷಿನ್ ಒಂದೇ. ಗೃಹಲಕ್ಷ್ಮಿ ದುಡ್ಡು ಯಾವಾಗ ಬೀಳುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಒಂದೊಂದು ಸಲ ತಿಂಗಳುಗಟ್ಟಲೆ ಬರದೆ ಆಮೇಲೆ ಒಟ್ಟಿಗೆ ಬರುತ್ತದೆ. ಅಮ್ಮನದು ಕೀಪ್ಯಾಡ್ ಫೋನು, ಕಂಪನಿ ಮೆಸೇಜ್‌ಗಳಿಂದ ಇನ್‌ಬಾಕ್ಸ್ ತುಂಬಿ ಹೋಗಿರುತ್ತದೆ, ಬ್ಯಾಂಕಿನ ಮೆಸೇಜ್ ಬಂದರೂ ಓದಲು ಬರುವುದಿಲ್ಲ. ಹಾಗಾಗಿ ಸಂತೆಗೆ ಹೋದಾಗ ಮಿಷಿನ್‌ಗೆ ಕಾರ್ಡ್ ಹಾಕಿ ಮೊದಲು ಬ್ಯಾಲೆನ್ಸ್ ನೋಡುತ್ತಾರೆ, ಇದ್ದರೆ 500 ತೆಗೆಯುತ್ತಾರೆ. ಜಾಸ್ತಿ ತೆಗೆದು ಮನೆಯಲ್ಲಿಟ್ಟರೆ ಖರ್ಚಾಗಿ ಹೋಗುತ್ತದೆ ಅಂತ ಅವರ ಲೆಕ್ಕ. ಒಂದು ಸಲ ಮಿಷಿನ್‌ನಲ್ಲಿ ಕ್ಯಾಶೇ ಇರಲಿಲ್ಲವಂತೆ, ಬರಿಗೈಯಲ್ಲಿ ಬಂದಿದ್ದಾರೆ.

ನಾನು ಕೇಳುವುದು ಇಷ್ಟು. ಬ್ಯಾಲೆನ್ಸ್ ನೋಡಿದ್ದಕ್ಕೂ ಲೆಕ್ಕ ಹಿಡಿಯುತ್ತಾರಾ? ದುಡ್ಡೇ ಬರದೇ ಇದ್ದದ್ದಕ್ಕೂ ಚಾರ್ಜ್ ಹಾಕಬಹುದಾ? ಕಟ್ ಆಗಿರುವುದನ್ನು ವಾಪಸ್ ಕೇಳಲು ದಾರಿ ಇದೆಯಾ? 500 ರೂಪಾಯಿ ತೆಗೆದಿದ್ದಕ್ಕೆ 27 ಅಂದರೆ ನೂರಕ್ಕೆ ಐದಕ್ಕಿಂತ ಜಾಸ್ತಿ ಆಯಿತು. ಅವರದೇ ದುಡ್ಡು ಅವರು ತೆಗೆದುಕೊಳ್ಳುವುದಕ್ಕೆ ಇಷ್ಟು ಕೊಡಬೇಕಾ? ನಿಜವಾಗಿ ಹೊಟ್ಟೆ ಉರಿಯುತ್ತದೆ.

ಹಳೇ ಕ್ಯಾಷಿಯರ್

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಒಂದೊಂದಾಗಿ ಹೇಳುತ್ತೇನಮ್ಮ, ಸ್ವಲ್ಪ ಉದ್ದ ಆಗುತ್ತದೆ.

27.14 ಅಂದರೆ ತಿಂಗಳ ಉಚಿತ ಲೆಕ್ಕ ಮೀರಿ ಎಟಿಎಂ ಬಳಸಿದ್ದಕ್ಕೆ 23 ರೂಪಾಯಿ ಚಾರ್ಜು, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 4.14. ಈ 23 ರೂಪಾಯಿ 2025ರ ಮೇ 1ರಿಂದ ಬಂದಿದ್ದು. ಅದಕ್ಕಿಂತ ಮುಂಚೆ 21 ಇತ್ತು, 2022ರ ಜನವರಿಗೂ ಮುಂಚೆ 20. ಇದು ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ, ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕಡಿಮೆ ತೆಗೆದುಕೊಂಡರೆ ಬೇಡ ಅನ್ನುವವರು ಯಾರೂ ಇಲ್ಲ, ಆದರೆ ಹೆಚ್ಚಿನ ಬ್ಯಾಂಕುಗಳು ಮಿತಿ ಎಷ್ಟಿದೆಯೋ ಅಷ್ಟನ್ನೂ ಹಾಕುತ್ತವೆ.

ಉಚಿತ ಎಷ್ಟು ಅಂದರೆ, ಸೇವಿಂಗ್ಸ್ ಖಾತೆಗೆ ಸ್ವಂತ ಬ್ಯಾಂಕಿನ ಮಿಷಿನ್‌ನಲ್ಲಿ ತಿಂಗಳಿಗೆ 5. ಬೇರೆ ಬ್ಯಾಂಕಿನ ಮಿಷಿನ್‌ನಲ್ಲಿ ಮೆಟ್ರೋ ಊರುಗಳಲ್ಲಿ 3, ಉಳಿದ ಕಡೆ 5. ಮೆಟ್ರೋ ಅಂದರೆ ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಈ ಆರೇ. ನಿಮ್ಮ ಖಾತೆ ಎಲ್ಲಿದೆ ಅನ್ನುವುದು ಮುಖ್ಯ ಅಲ್ಲ, ಮಿಷಿನ್ ಎಲ್ಲಿದೆ ಅನ್ನುವುದು ಮುಖ್ಯ.

ಈಗ ನಿಮ್ಮ ಅಮ್ಮನ ವಿಷಯ. ಬೇರೆ ಬ್ಯಾಂಕಿನ ಮಿಷಿನ್‌ನಲ್ಲಿ ಬ್ಯಾಲೆನ್ಸ್ ನೋಡಿದರೂ ಆ ಐದರಲ್ಲಿ ಒಂದು ಹೋಗುತ್ತದೆ, ಮಿನಿ ಸ್ಟೇಟ್‌ಮೆಂಟ್ ತೆಗೆದರೂ ಹೋಗುತ್ತದೆ. ಅಂದರೆ ಒಂದೇ ಸಂತೆಯ ದಿನ ಬ್ಯಾಲೆನ್ಸ್ ನೋಡಿ 500 ತೆಗೆದರೆ ಎರಡು ಲೆಕ್ಕ. ಎರಡು ಸಂತೆ ಮುಗಿಯುವ ಹೊತ್ತಿಗೆ ನಾಲ್ಕು ಮುಗಿಯಿತು. ಮೂರನೇ ಸಂತೆಯಲ್ಲಿ ಬ್ಯಾಲೆನ್ಸ್ ನೋಡಿದ್ದು ಐದನೆಯದು, ದುಡ್ಡು ತೆಗೆದದ್ದಕ್ಕೆ ಮೀಟರ್ ಓಡಲು ಶುರು. ಅದೇ ಸ್ವಂತ ಬ್ಯಾಂಕಿನ ಮಿಷಿನ್ ಆಗಿದ್ದರೆ ಬ್ಯಾಲೆನ್ಸ್ ನೋಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಅಂತ 2019ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ.

ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ, ಇದನ್ನು ಬರೆದಿಟ್ಟುಕೊಳ್ಳಿ. ಮಿಷಿನ್ ಕೆಟ್ಟಿದ್ದರೆ, ನೆಟ್‌ವರ್ಕ್ ಇಲ್ಲದಿದ್ದರೆ, ಮಿಷಿನ್‌ನಲ್ಲಿ ನೋಟು ಖಾಲಿ ಆಗಿದ್ದರೆ, ಪಿನ್ ತಪ್ಪು ಒತ್ತಿದ್ದರೆ, ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಚಾರ್ಜೂ ಹಾಕುವಂತಿಲ್ಲ. ಕ್ಯಾಶ್ ಇಲ್ಲದೆ ವಾಪಸ್ ಬಂದ ದಿನ ಏನಾದರೂ ಕಟ್ ಆಗಿದ್ದರೆ ಅದನ್ನು ಧೈರ್ಯವಾಗಿ ವಾಪಸ್ ಕೇಳಿ.

ಆದರೆ ಖಾತೆಯಲ್ಲಿ 480 ಇದ್ದು 500 ಒತ್ತಿದರೆ ಕಥೆ ಬೇರೆ. ಹಣ ಸಾಲದು ಅಂತ ಮಿಷಿನ್ ವಾಪಸ್ ಕಳಿಸಿದ್ದಕ್ಕೂ ತುಂಬಾ ಬ್ಯಾಂಕುಗಳು 20, 25 ರೂಪಾಯಿ ಹಾಕುತ್ತವೆ, ಮೇಲೆ ಜಿಎಸ್‌ಟಿ. ನೀವು ಹೇಳಿದ ಬೇರೆ ಮೊತ್ತಗಳಲ್ಲಿ ಇದೂ ಇರಬಹುದು, ಎಸ್‌ಎಂಎಸ್ ಚಾರ್ಜ್ ಇರಬಹುದು, ಕಾರ್ಡಿನ ವಾರ್ಷಿಕ ಶುಲ್ಕವೂ ಇರಬಹುದು. ಶಾಖೆಗೆ ಹೋಗಿ ಸ್ಟೇಟ್‌ಮೆಂಟ್ ತೆಗೆಸಿ, ಪ್ರತಿ ಸಾಲಿನ ಮುಂದೆ ಯಾವುದಕ್ಕೆ ಕಟ್ ಮಾಡಿದ್ದು ಅಂತ ಪೆನ್ನಿನಲ್ಲಿ ಬರೆಸಿಕೊಳ್ಳಿ. ಕೇಳಿದರೆ ಹೇಳುವುದು ಅವರ ಕೆಲಸ.

ಪೀಣ್ಯ ಸೆಕೆಂಡ್ ಸ್ಟೇಜ್

ನಿಮ್ಮ ಅಮ್ಮನಿಗೆ 5 ಆದರೂ ಇದೆ ಅಕ್ಕ, ನಮಗೆ ಮೂರೇ. ಬೆಂಗಳೂರಿನಲ್ಲಿ ಎಲ್ಲರ ಕೈಯಲ್ಲೂ ಫೋನ್‌ಪೇ ಇದೆ, ಕ್ಯಾಶ್ ಯಾರಿಗೆ ಬೇಕು ಅಂತ ಮಾತಾಡುತ್ತಾರೆ. ನಮ್ಮ ಏರಿಯಾಗೆ ಬಂದು ನೋಡಲಿ. ನಾನಿರುವ ಮನೆಯ ಓನರ್‌ಗೆ ಬಾಡಿಗೆ ಕ್ಯಾಶ್‌ನಲ್ಲೇ ಕೊಡಬೇಕು. ಚೀಟಿ ದುಡ್ಡು ಕ್ಯಾಶ್. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಯವರು ಜಿಎಸ್‌ಟಿ ನೋಟಿಸ್ ಕಳಿಸಿದರಲ್ವಾ, ಆಗ ಸ್ಕ್ಯಾನರ್ ಕಿತ್ತು ಹಾಕಿ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಪೇಪರ್ ಅಂಟಿಸಿದರು. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಆ ಪೇಪರ್ ಇನ್ನೂ ಇದೆ. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ, ಅವರಿಗೂ ಹೆದರಿಕೆ. ಆದರೆ ಅದಾದ ಮೇಲೆ ನಾವು ಮಿಷಿನ್ ಮುಂದೆ ನಿಲ್ಲುವುದು ಜಾಸ್ತಿ ಆಯಿತು.

ನಮ್ಮ ಸಂಬಳ ಬರುವ ಬ್ಯಾಂಕಿನ ಮಿಷಿನ್ ಫ್ಯಾಕ್ಟರಿ ಗೇಟಿನ ಎದುರಿಗೇ ಇದೆ. ಸಂಬಳ ಆದ ದಿನ ಸಾಯಂಕಾಲ ಎಲ್ಲರೂ ಒಟ್ಟಿಗೆ ಹೋಗುವುದು, ಎಂಟು ಗಂಟೆಗೆಲ್ಲ ಖಾಲಿ. ಆಮೇಲೆ ಎರಡು ದಿನ ಪರದೆ ಮೇಲೆ ಔಟ್ ಆಫ್ ಸರ್ವೀಸ್. ಸರಿ ಅಂತ ಪಕ್ಕದ ಬೇರೆ ಬ್ಯಾಂಕಿನ ಮಿಷಿನ್‌ಗೆ ಹೋಗಬೇಕು. ಅಲ್ಲಿ ಒಂದು ಸಲಕ್ಕೆ ಹತ್ತು ಸಾವಿರಕ್ಕಿಂತ ಜಾಸ್ತಿ ಬರುವುದಿಲ್ಲ. ಊರಿಗೆ, ಬಾಡಿಗೆಗೆ, ಚೀಟಿಗೆ ಅಂತ ಹದಿನೈದು ಸಾವಿರ ತೆಗೆದರೆ ಅಲ್ಲಿಗೇ ಎರಡು ಮುಗಿಯಿತು. ಅವರ ಮಿಷಿನ್‌ಗೆ ಅವರು ದುಡ್ಡು ತುಂಬದೇ ಇದ್ದಿದ್ದಕ್ಕೆ ನಾನು ಪಕ್ಕದ ಮಿಷಿನ್‌ಗೆ ಹೋಗಿದ್ದು. ನಿಯಮ ಇದನ್ನು ನೋಡುವುದೇ ಇಲ್ಲ.

ಮಿಷಿನ್ ಖಾಲಿ ಬಿಟ್ಟರೆ ಬ್ಯಾಂಕಿಗೆ ದಂಡ ಅಂತ ಎಲ್ಲೋ ಓದಿದ ನೆನಪು. ಯಾರಿಗಾದರೂ ಗೊತ್ತಾ?

ಹಳೇ ಕ್ಯಾಷಿಯರ್

ಇದೆ. 2021ರ ಅಕ್ಟೋಬರ್‌ನಿಂದ ಜಾರಿಗೆ ಬಂತು. ತಿಂಗಳಲ್ಲಿ ಒಟ್ಟು 10 ಗಂಟೆಗಿಂತ ಜಾಸ್ತಿ ಮಿಷಿನ್‌ನಲ್ಲಿ ನೋಟಿಲ್ಲದೆ ಹೋದರೆ ಒಂದು ಮಿಷಿನ್‌ಗೆ 10,000 ರೂಪಾಯಿ ದಂಡ. ಆದರೆ ಅದು ಹೋಗುವುದು ರಿಸರ್ವ್ ಬ್ಯಾಂಕಿಗೆ, ಬರಿಗೈಯಲ್ಲಿ ವಾಪಸ್ ಹೋದ ಗಿರಾಕಿಗೆ ಅದರಿಂದ ಒಂದು ಪೈಸೆ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಸ್ವಂತ ಮಿಷಿನ್ ಖಾಲಿ ಇದ್ದ ಹೊತ್ತಿನಲ್ಲಿ ಗಿರಾಕಿ ಬೇರೆ ಕಡೆ ತೆಗೆದದ್ದನ್ನು ಲೆಕ್ಕದಿಂದ ಬಿಡಬೇಕು. ಯಾವ ಮಿಷಿನ್ ಎಷ್ಟು ಹೊತ್ತಿಗೆ ಖಾಲಿ ಆಯಿತು ಅನ್ನುವುದು ಬ್ಯಾಂಕಿನ ಸಿಸ್ಟಂನಲ್ಲಿ ನಿಮಿಷದ ಲೆಕ್ಕದಲ್ಲಿ ಇರುತ್ತದೆ, ಮಾಡಲು ಆಗದ ಕೆಲಸ ಏನಲ್ಲ.

ಕ್ಯಾಶ್ ವ್ಯಾನ್

ನಾನು ಮಿಷಿನ್‌ಗಳಿಗೆ ದುಡ್ಡು ತುಂಬುವ ಕಂಪನಿಯಲ್ಲಿದ್ದೇನೆ. ಬ್ಯಾಂಕಿನ ಪರ ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ, ಆದರೆ ಇನ್ನೊಂದು ಕಡೆಯೂ ಗೊತ್ತಿರಲಿ.

ನಿಮ್ಮ ಕಾರ್ಡನ್ನು ಬೇರೆ ಬ್ಯಾಂಕಿನ ಮಿಷಿನ್‌ಗೆ ಹಾಕಿದ ಪ್ರತಿ ಸಲವೂ ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ ದುಡ್ಡು ಕೊಡಬೇಕು. ನಿಮಗೆ ಉಚಿತ ಅಂದಾಗಲೂ ಅವರು ಕೊಟ್ಟಿರುತ್ತಾರೆ. ಇದಕ್ಕೆ ಇಂಟರ್‌ಚೇಂಜ್ ಅನ್ನುತ್ತಾರೆ. 2021ರ ಆಗಸ್ಟ್‌ನಲ್ಲಿ ದುಡ್ಡು ತೆಗೆದರೆ 17, ಬ್ಯಾಲೆನ್ಸ್ ನೋಡಿದರೆ 6 ಅಂತ ಮಾಡಿದ್ದರು. 2025ರ ಮೇನಿಂದ 19 ಮತ್ತು 7 ಆಯಿತು. ಅಂದರೆ 23ರಲ್ಲಿ 19 ಮಿಷಿನ್ ಇಟ್ಟವರಿಗೇ ಹೋಗುತ್ತದೆ. ಮಿಷಿನ್ ಇಟ್ಟವರಿಗೂ ಖರ್ಚಿದೆ. ಮಳಿಗೆ ಬಾಡಿಗೆ, ಕರೆಂಟು, ಎಸಿ, ನೆಟ್‌ವರ್ಕು. ಜೊತೆಗೆ ನಮ್ಮ ವ್ಯಾನು, ಡ್ರೈವರ್, ಗನ್‌ಮ್ಯಾನ್, ದುಡ್ಡು ತುಂಬುವ ಇಬ್ಬರು. ದಿನಕ್ಕೆ ನಾಲ್ಕು ಜನ ಬರುವ ಹಳ್ಳಿ ಮಿಷಿನ್‌ಗೂ ನಾವು ಅಷ್ಟೇ ದೂರ ಗಾಡಿ ಓಡಿಸಬೇಕು. ಯುಪಿಐ ಬಂದ ಮೇಲೆ ಜನ ಕಡಿಮೆ ಆದರು, ಖರ್ಚು ಕಡಿಮೆ ಆಗಲಿಲ್ಲ. ಅದಕ್ಕೇ ಒಂದೊಂದಾಗಿ ಶಟರ್ ಎಳೆಯುತ್ತಿದ್ದಾರೆ.

ಹಳೇ ಬೆಂಗಳೂರಿನವರಿಗೆ ನೆನಪಿರಬಹುದು. 2013ರ ನವೆಂಬರ್‌ನಲ್ಲಿ ಕಾರ್ಪೊರೇಷನ್ ಸರ್ಕಲ್ ಹತ್ತಿರದ ಎಟಿಎಂ ಒಳಗೆ ಒಬ್ಬ ಹೆಂಗಸಿನ ಮೇಲೆ ಮಚ್ಚಿನಲ್ಲಿ ಹಲ್ಲೆ ಆಯಿತು. ಸಿಸಿಟಿವಿಯಲ್ಲಿ ಇಡೀ ದೇಶ ನೋಡಿತು. ಗಾರ್ಡ್ ಇಲ್ಲದ ಮಿಷಿನ್ ಮುಚ್ಚಿ ಅಂತ ಸರ್ಕಾರ ಗಟ್ಟಿಯಾಗಿ ನಿಂತಿತು. ಸರಿಯಾದ ಕೆಲಸವೇ. ಆದರೆ ಗಾರ್ಡ್ ಇಡುವ ಖರ್ಚು ಯಾರು ಕೊಡುವುದು ಅಂತ ಬ್ಯಾಂಕಿನವರು ರಿಸರ್ವ್ ಬ್ಯಾಂಕ್ ಮುಂದೆ ಹೋದರು. ಮರು ವರ್ಷ, 2014ರ ನವೆಂಬರ್‌ನಿಂದ, ಮೆಟ್ರೋಗಳಲ್ಲಿ ಬೇರೆ ಬ್ಯಾಂಕಿನ ಮಿಷಿನ್‌ನ ಉಚಿತ ಲೆಕ್ಕ ಐದು ಇದ್ದದ್ದು ಮೂರಾಯಿತು.

ಶಿರಾ ಸೀಮೆ

ಖರ್ಚಿದೆ ಅನ್ನುವುದನ್ನು ಒಪ್ಪುತ್ತೇನೆ ಅಣ್ಣ. ನಿಮ್ಮಂಥವರು ದುಡ್ಡು ಹೊತ್ತುಕೊಂಡು ಬರದಿದ್ದರೆ ಮಿಷಿನ್ ಬರೀ ಡಬ್ಬ, ಅದೂ ಗೊತ್ತು. ಆದರೆ ಖರ್ಚನ್ನು ಯಾರ ಮೇಲೆ ಹಾಕುತ್ತಿದ್ದಾರೆ ನೋಡಿ. ಒಂದೇ ಸಲ ಹತ್ತು ಸಾವಿರ ತೆಗೆಯುವವರಿಗೂ 23, ಐನೂರು ತೆಗೆಯುವ ನಮ್ಮಮ್ಮನಿಗೂ 23. ಹತ್ತು ಸಾವಿರದವರಿಗೆ ನೂರಕ್ಕೆ ಕಾಲು ರೂಪಾಯಿ ಬಿದ್ದರೆ ಅಮ್ಮನಿಗೆ ಐದು ರೂಪಾಯಿ. ಅದಕ್ಕಿಂತ ಹೆಚ್ಚಾಗಿ, ಮೊದಲಿದ್ದ ಮಿಷಿನ್ ಮುಚ್ಚಿದ್ದು ಅವರ ಬ್ಯಾಂಕೇ. ಅಮ್ಮ ಬೇಕು ಅಂತ ಬೇರೆ ಬ್ಯಾಂಕಿಗೆ ಹೋದವರಲ್ಲ. ಇದ್ದದ್ದನ್ನು ತೆಗೆದು, ಇಲ್ಲದ ಕಡೆಗೆ ಕಳಿಸಿ, ಆಮೇಲೆ ಹೋಗಿದ್ದಕ್ಕೆ ದುಡ್ಡು ಕೇಳಿದರೆ ಯಾವ ನ್ಯಾಯ? ಸ್ವಂತ ಬ್ಯಾಂಕಿನ ಮಿಷಿನ್ ಇಲ್ಲದ ಹೋಬಳಿಯಲ್ಲಿ ಈ ಐದರ ಲೆಕ್ಕವೇ ಇರಬಾರದು.

ಬ್ಯಾಂಕ್ ಮಿತ್ರ ಅಕ್ಕ

ನಾನು ನಮ್ಮ ಪಂಚಾಯಿತಿಯಲ್ಲಿ ಬ್ಯಾಂಕ್ ಮಿತ್ರ, ಅಂದರೆ ಊರಲ್ಲೇ ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಏಜೆಂಟ್ ಆಗಿ ಕೆಲಸ ಮಾಡುತ್ತೇನೆ, ಸ್ತ್ರೀಶಕ್ತಿ ಸಂಘದಿಂದ ಬಂದವಳು. ನಿಮ್ಮ ಅಮ್ಮನಂಥವರು ದಿನಾ ನನ್ನ ಮುಂದೆ ಕೂರುತ್ತಾರೆ. ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ.

ಮೊದಲು ಬ್ಯಾಲೆನ್ಸ್ ನೋಡಲು ಮಿಷಿನ್‌ಗೆ ಹೋಗುವುದನ್ನು ನಿಲ್ಲಿಸಿ. ಹೆಚ್ಚಿನ ಎಲ್ಲ ಬ್ಯಾಂಕಿಗೂ ಮಿಸ್ಡ್ ಕಾಲ್ ನಂಬರ್ ಇದೆ. ಖಾತೆಗೆ ಕೊಟ್ಟಿರುವ ಫೋನಿನಿಂದ ರಿಂಗ್ ಕೊಟ್ಟರೆ ಕಾಲ್ ತಾನಾಗೇ ಕಟ್ ಆಗಿ ಬ್ಯಾಲೆನ್ಸ್ ಮೆಸೇಜ್ ಬರುತ್ತದೆ. ಓದಲು ಬರದಿದ್ದರೆ ಪಕ್ಕದ ಮನೆ ಮಕ್ಕಳು ಓದುತ್ತಾರೆ, ಆದರೆ ಇನ್‌ಬಾಕ್ಸ್ ತುಂಬಿದ್ದರೆ ಮೆಸೇಜೇ ಬರುವುದಿಲ್ಲ, ಊರಿಗೆ ಹೋದಾಗ ಕೂತು ಹಳೆಯದನ್ನೆಲ್ಲ ಅಳಿಸಿ ಕೊಡಿ. ಇದು ಸಣ್ಣ ಕೆಲಸ, ಅರ್ಧ ತೊಂದರೆ ಇದರಲ್ಲೇ ಹೋಗುತ್ತದೆ.

ದುಡ್ಡು ತೆಗೆಯುವುದಕ್ಕೆ ಅವರ ಬ್ಯಾಂಕಿನ ಮಿತ್ರ ಹತ್ತಿರದಲ್ಲಿ ಯಾರಿದ್ದಾರೆ ಅಂತ ಶಾಖೆಯಲ್ಲಿ ಕೇಳಿ. ಆಧಾರ್ ನಂಬರ್ ಹೇಳಿ ಹೆಬ್ಬೆಟ್ಟು ಒತ್ತಿದರೆ ದುಡ್ಡು ಸಿಗುತ್ತದೆ, ಕಾರ್ಡೇ ಬೇಡ. ಅಂಚೆ ಪೇದೆಯ ಹತ್ತಿರವೂ ಆ ಮಿಷಿನ್ ಇರುತ್ತದೆ. ಆದರೆ ಎರಡು ವಿಷಯದಲ್ಲಿ ಹುಷಾರು. ಕೆಲವರು ಸಾವಿರಕ್ಕೆ ಹತ್ತು, ಇಪ್ಪತ್ತು ಅಂತ ಕೈಯಲ್ಲಿ ಇಸ್ಕೊಳ್ಳುತ್ತಾರೆ. ನಮಗೆ ಕಮಿಷನ್ ಬ್ಯಾಂಕ್ ಕೊಡುತ್ತದೆ, ಗಿರಾಕಿಯ ಹತ್ತಿರ ಹಾಗೆ ಇಸ್ಕೊಳ್ಳುವಂತಿಲ್ಲ. ಕೇಳಿದರೆ ಕೊಡಬೇಡಿ, ಶಾಖೆಗೆ ದೂರು ಹೇಳಿ. ಎರಡನೆಯದು, ಬೆರಳಚ್ಚು ಸರಿ ಬಂದಿಲ್ಲ ಇನ್ನೊಂದು ಸಲ ಒತ್ತಿ ಅಂತ ಪದೇ ಪದೇ ಒತ್ತಿಸಿದರೆ ಪ್ರತಿ ಸಲವೂ ರಸೀದಿ ಕೇಳಬೇಕು. ಹಾಲು ಕರೆದು, ಹುಲ್ಲು ಕೊಯ್ದು ಕೈ ಸವೆದಿರುವ ಹೆಂಗಸರಿಗೆ ನಿಜವಾಗಿಯೂ ಬೆರಳು ಹಿಡಿಯುವುದಿಲ್ಲ, ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆರಳು ಬದಲಾಯಿಸಿ ಒತ್ತಿಸುತ್ತೇನೆ. ಆದರೆ ಅದನ್ನೇ ನೆಪ ಮಾಡಿಕೊಂಡು ಎರಡು ಸಲ ದುಡ್ಡು ಎಳೆದವರೂ ಇದ್ದಾರೆ.

ಇನ್ನೊಂದು ದಾರಿ ಇದೆ, ಬೇಸಿಕ್ ಸೇವಿಂಗ್ಸ್ ಖಾತೆ. ಅದರಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡ್ ಉಚಿತ, ತಿಂಗಳಿಗೆ ಕಡೇಪಕ್ಷ 4 ಸಲ ದುಡ್ಡು ತೆಗೆಯುವುದು ಉಚಿತ. ಈಗಿರುವ ಖಾತೆಯನ್ನೇ ಹಾಗೆ ಬದಲಾಯಿಸಿ ಕೊಡಿ ಅಂತ ಅರ್ಜಿ ಬರೆದು ಕೊಡಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಸೇವಿಂಗ್ಸ್ ಖಾತೆ ಇಟ್ಟುಕೊಳ್ಳಲು ಆಗುವುದಿಲ್ಲ, ಈ ಷರತ್ತು ನೆನಪಿರಲಿ.

ಪೀಣ್ಯ ಸೆಕೆಂಡ್ ಸ್ಟೇಜ್

ಅಕ್ಕ, ಅಂಗಡಿಗಳಲ್ಲಿ ಕಾರ್ಡ್ ಉಜ್ಜಿ ಕ್ಯಾಶ್ ತೆಗೆದುಕೊಳ್ಳಬಹುದು ಅಂತಾರಲ್ಲ, ಅದು ನಿಜವಾ?

ಹಳೇ ಕ್ಯಾಷಿಯರ್

ನಿಜ. ಸ್ವೈಪ್ ಮಿಷಿನ್ ಇರುವ ಅಂಗಡಿಯಲ್ಲಿ, ಆ ಅಂಗಡಿಗೆ ಬ್ಯಾಂಕ್ ಈ ಸೌಲಭ್ಯ ಕೊಟ್ಟಿದ್ದರೆ, ಡೆಬಿಟ್ ಕಾರ್ಡಿನಲ್ಲಿ ಒಂದು ಸಲಕ್ಕೆ 2000 ರೂಪಾಯಿವರೆಗೆ ಕ್ಯಾಶ್ ತೆಗೆಯಬಹುದು. ಚಾರ್ಜು ನೂರಕ್ಕೆ ಒಂದು ರೂಪಾಯಿ ಮೀರುವಂತಿಲ್ಲ. 500ಕ್ಕೆ ಹೆಚ್ಚೆಂದರೆ 5 ರೂಪಾಯಿ ಆಯಿತು, 27ಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ನಿಯಮ ಬಂದು ವರ್ಷಗಳೇ ಆಗಿವೆ, ಆದರೆ ಕೊಡುವ ಅಂಗಡಿ ಹುಡುಕುವುದೇ ಕಷ್ಟ. ದೊಡ್ಡ ಕಿರಾಣಿ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಕೇಳಿ ನೋಡಿ.

ಇನ್ನೊಂದು ವಿಷಯ ಬಿಟ್ಟಿದ್ದೆ. ಖಾತೆಯಿಂದ ದುಡ್ಡು ಕಟ್ ಆಗಿ ಮಿಷಿನ್‌ನಿಂದ ನೋಟು ಬರದಿದ್ದರೆ 5 ದಿನದೊಳಗೆ ಬ್ಯಾಂಕೇ ತಾನಾಗಿ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದೂ 2019ರ ನಿಯಮವೇ. ನೂರರ ವಿಷಯ ನೀವಾಗಿ ಎತ್ತದಿದ್ದರೆ ಕೆಲವು ಶಾಖೆಗಳಲ್ಲಿ ಸುಮ್ನೆ ಅಸಲು ಮಾತ್ರ ಹಾಕಿ ಬಿಡುತ್ತಾರೆ.

ಶಿರಾ ಸೀಮೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಶಾಖೆಗೆ ಹೋಗಿದ್ದೆ. ಕೌಂಟರ್‌ನಲ್ಲಿದ್ದವರು ಮೊದಲು "ಸಿಸ್ಟಂ ಕಟ್ ಮಾಡುತ್ತದೆ ಮೇಡಂ, ನಮ್ಮ ಕೈಯಲ್ಲಿಲ್ಲ" ಅಂದರು. 2019ರ ಸುತ್ತೋಲೆ ಅಂತ ಹೇಳಿದ ಮೇಲೆ ಒಳಗೆ ಕರೆದು ಕೂರಿಸಿದರು. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಮಿಷಿನ್ ಖಾಲಿ ಇದ್ದ ದಿನದ್ದೂ ಒಂದು ಚಾರ್ಜ್ ಇತ್ತು, ಹಳೇ ಕ್ಯಾಷಿಯರ್ ಸರ್ ಹೇಳಿದ ಹಾಗೆ ಹಣ ಸಾಲದು ಅಂತ ಹಾಕಿದ್ದೂ ಇತ್ತು. ಖಾಲಿ ಮಿಷಿನ್‌ನದ್ದನ್ನು ವಾಪಸ್ ಹಾಕಿಸುತ್ತೇವೆ ಅಂತ ಒಪ್ಪಿದ್ದಾರೆ. ಉಳಿದದ್ದು ನಿಯಮದ ಪ್ರಕಾರ, ಆಗುವುದಿಲ್ಲ ಅಂದರು. ಬೇಸಿಕ್ ಖಾತೆಗೆ ಬದಲಾಯಿಸುವ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದಿದ್ದೇನೆ. ಮಿಷಿನ್ ಮತ್ತೆ ಯಾವಾಗ ತೆರೆಯುತ್ತೀರಿ ಅಂತ ಅಮ್ಮ ಕೇಳಿದರು, ಅದಕ್ಕೆ ಮ್ಯಾನೇಜರ್ ಹತ್ತಿರ ಉತ್ತರ ಇರಲಿಲ್ಲ.

ಅವರು ವಾಪಸ್ ಹಾಕದೇ ಹೋದರೆ ಮುಂದೆ ಎಲ್ಲಿಗೆ ಹೋಗಬೇಕು?

ಹಳೇ ಕ್ಯಾಷಿಯರ್

ಬಾಯಿಮಾತಿನಲ್ಲಿ ಬಿಡಬೇಡಿ. ತಾರೀಖು, ಮೊತ್ತ, ಮಿಷಿನ್ ಇರುವ ಜಾಗ ಬರೆದು ಲಿಖಿತ ದೂರು ಕೊಟ್ಟು ನಂಬರ್ ತೆಗೆದುಕೊಳ್ಳಿ. 30 ದಿನ ಆದರೂ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹಾಕಬಹುದು. ಸಿಎಂಎಸ್ ಅನ್ನುವ ಅದರ ದೂರಿನ ವೆಬ್‌ಸೈಟ್‌ನಲ್ಲಿ ಫೋನಿನಿಂದಲೇ ತುಂಬಬಹುದು, ಖರ್ಚಿಲ್ಲ, ವಕೀಲರು ಬೇಡ. ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ. ಮಿಷಿನ್ ಮುಚ್ಚಿದ ವಿಷಯವನ್ನೂ ಬೇರೆ ಅರ್ಜಿಯಾಗಿ ಬರೆದು, ಪಂಚಾಯಿತಿಯಿಂದಲೂ ಒಂದು ಪತ್ರ ಸೇರಿಸಿ ಬ್ಯಾಂಕಿನ ರೀಜನಲ್ ಆಫೀಸಿಗೆ ಕಳಿಸಿ. ಒಬ್ಬರ ಸಹಿಗಿಂತ ಡೈರಿಗೆ ಹಾಲು ಹಾಕುವ ಎಲ್ಲರ ಸಹಿ ಇದ್ದರೆ ಒಳ್ಳೆಯದು, ಅವರೆಲ್ಲರ ಬಟವಾಡೆಯೂ ಆ ಶಾಖೆಗೇ ಬರುತ್ತಿದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ.

ಬ್ಯಾಂಕ್ ಮಿತ್ರ ಅಕ್ಕ

ಸಹಿ ಹಾಕಿಸುವುದಿದ್ದರೆ ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಹೋಗಿ, ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಹೆಬ್ಬೆಟ್ಟು ಹಾಕುವವರಿಗೆ ಇಂಕ್ ಪ್ಯಾಡ್ ತೆಗೆದುಕೊಂಡು ಹೋಗಿ.